ಕೆಲಸ, ಮನೆ, ನಿದ್ದೆ: ಮಲೆನಾಡಿನ ದುಡಿಯುವ ತಾಯಿಗೆ ಯಾವ ವ್ಯವಸ್ಥೆ ಹೊಂದೀತು?

ನಮ್ಮ ಕಡೆ ಮನೆಯ ದೊಡ್ಡ ತೀರ್ಮಾನಗಳೆಲ್ಲ ಆಗುವುದು ಏಪ್ರಿಲ್, ಮೇ ತಿಂಗಳಲ್ಲಿ. ಅಡಿಕೆ ಮಾರಿದ ಹಣ ಕೈಯಲ್ಲಿರುತ್ತದೆ, ಮಕ್ಕಳಿಗೆ ರಜೆ ಇರುತ್ತದೆ, ರಸ್ತೆ ಒಣಗಿರುತ್ತದೆ, ಅತ್ತೆಯವರ ಮಂಡಿನೋವೂ ಬಿಸಿಲಿಗೆ ಸ್ವಲ್ಪ ಇಳಿದಿರುತ್ತದೆ. ಊರಿನಿಂದಲೇ ಶಿವಮೊಗ್ಗಕ್ಕೆ ಓಡಾಡುವುದೋ, ಪೇಟೆಯಲ್ಲಿ ಬಾಡಿಗೆ ಮನೆ ಮಾಡುವುದೋ, ಕೆಲಸದ ಹೊತ್ತನ್ನು ಕಡಿಮೆ ಮಾಡಿಸಿಕೊಳ್ಳುವುದೋ, ಮನೆಯಲ್ಲಿದ್ದುಕೊಂಡೇ ಏನಾದರೂ ಸಂಪಾದಿಸುವುದೋ, ನಾಲ್ಕು ವರ್ಷ ಕೆಲಸ ಬಿಟ್ಟು ಮಕ್ಕಳನ್ನು ನೋಡಿಕೊಳ್ಳುವುದೋ ಎಂಬುದನ್ನು ತಾಯಂದಿರು ಆ ಬಿಸಿಲಿನ ದಿನಗಳಲ್ಲಿ ಕೂತು ಬಗೆಹರಿಸಿಕೊಳ್ಳುತ್ತಾರೆ. ಆ ತೀರ್ಮಾನದೊಳಗೆ ಬಾಳಬೇಕಾದದ್ದು ಮಾತ್ರ ಜುಲೈ ತಿಂಗಳಲ್ಲಿ: ಬಟ್ಟೆ ಒಣಗದ, ಕರೆಂಟು ಇರದ, ಮಕ್ಕಳು ಸಮವಸ್ತ್ರ ತೊಟ್ಟು ನಿಂತ ಮೇಲೆ ಶಾಲೆಗೆ ಮಳೆ ರಜೆ ಎಂದು ಸುದ್ದಿ ಬರುವ ದಿನಗಳಲ್ಲಿ.

ತೀರ್ಥಹಳ್ಳಿ ರಸ್ತೆಯಲ್ಲಿ ಮಂಡಗದ್ದೆಯಿಂದ ಮುಂದಿರುವ ಒಂದು ಹಳ್ಳಿ ನಮ್ಮದು. ಶಿವಮೊಗ್ಗದ ಒಂದು ಖಾಸಗಿ ಕಚೇರಿಯಲ್ಲಿ ಲೆಕ್ಕಪತ್ರ ನೋಡುವ ಕೆಲಸಕ್ಕೆ ಸೇರಿ ನನಗೆ 13 ವರ್ಷವಾಯಿತು. ಮಗಳು ಆರನೆಯ ತರಗತಿ, ಮಗ ಎರಡನೆಯ ತರಗತಿ. ಮೇಲೆ ಹೇಳಿದ ವ್ಯವಸ್ಥೆಗಳಲ್ಲಿ ಮೂರನ್ನು ನಾನೇ ಬಾಳಿ ನೋಡಿದ್ದೇನೆ, ಉಳಿದೆರಡನ್ನು ಅಕ್ಕತಂಗಿಯರ ಮತ್ತು ಸಹೋದ್ಯೋಗಿಗಳ ಮನೆಗಳಲ್ಲಿ ಹತ್ತಿರದಿಂದ ಕಂಡಿದ್ದೇನೆ. ಇವುಗಳನ್ನು ಹೋಲಿಸುವಾಗ ಸಂಬಳದಲ್ಲಿ ಖರ್ಚು ಕಳೆದು ಎಷ್ಟು ಉಳಿಯುತ್ತದೆ ಎಂದು ನೋಡುವುದು ವಾಡಿಕೆ. ಆ ಲೆಕ್ಕ ಬೇಕು, ಆದರೆ ಸಾಲದು. ವರ್ಷದ ಅತ್ಯಂತ ಕಷ್ಟದ ವಾರದಲ್ಲಿ ಆ ವ್ಯವಸ್ಥೆ ನಿಮಗೆ ಎಷ್ಟು ನಿದ್ದೆ ಉಳಿಸುತ್ತದೆ, ಮಕ್ಕಳ ಜೊತೆ ಬರಿಗೈಯಲ್ಲಿ ಕೂರಲು ಎಷ್ಟು ಹೊತ್ತು ಉಳಿಸುತ್ತದೆ ಎಂಬುದರ ಮೇಲೆ ಆರಿಸಿಕೊಳ್ಳಬೇಕು. ಸಾಮಾನ್ಯ ವಾರದಲ್ಲಾದರೆ ಯಾವ ವ್ಯವಸ್ಥೆಯೂ ಹೇಗೋ ನಡೆದುಹೋಗುತ್ತದೆ.

ಅಂಥ ಕಷ್ಟದ ಕಾಲ ಮಲೆನಾಡಿನಲ್ಲಿ ವರ್ಷಕ್ಕೆ ಎರಡು ಸಲ ಬರುತ್ತದೆ. ಒಂದು, ಆಷಾಢದ ಸುತ್ತಿನ ಐದಾರು ವಾರ. ಎಡೆಬಿಡದ ಮಳೆಯ ನಡುವೆ ಹೊಳವು ಸಿಕ್ಕ ದಿನವೇ ಕೊಳೆರೋಗ ಬಾರದಂತೆ ಅಡಿಕೆಗೆ ಔಷಧಿ ಹೊಡೆಸಬೇಕು, ಕೆಲಸಕ್ಕೆ ಬಂದವರಿಗೆ ಹೊತ್ತಿಗೆ ಸರಿಯಾಗಿ ಕಾಫಿ, ತಿಂಡಿ, ಊಟ ಆಗಬೇಕು, ಅದೇ ವಾರ ಮಕ್ಕಳಿಗೆ ಶೀತಜ್ವರ ಬಂದಿರುತ್ತದೆ. ಇನ್ನೊಂದು, ದೀಪಾವಳಿಯ ಆಸುಪಾಸಿನಿಂದ ಸಂಕ್ರಾಂತಿಯವರೆಗಿನ ಕೊನೆಕೊಯ್ಲಿನ, ಅಂದರೆ ಅಡಿಕೆ ಗೊನೆ ಇಳಿಸುವ, ಕಾಲ. ಸುಲಿಯುವುದು, ಬೇಯಿಸುವುದು, ಒಣಗಿಸುವುದು ಎಂದು ಅಂಗಳದಲ್ಲಿ ರಾತ್ರಿ ಹತ್ತರವರೆಗೂ ದೀಪ ಉರಿಯುತ್ತಿರುತ್ತದೆ. ತೋಟವಿಲ್ಲದ ಮನೆಗಳಿಗೆ ಎರಡನೆಯದು ಇರಲಾರದು, ಮೊದಲನೆಯದು ಎಲ್ಲರಿಗೂ ಇದ್ದದ್ದೇ.

ಮೊದಲು ಒಂದು ವಾರದ ಲೆಕ್ಕ

ಯಾವುದನ್ನೂ ಹೋಲಿಸುವ ಮುನ್ನ ಒಂದು ಪೂರ್ತಿ ವಾರದ ಲೆಕ್ಕ ಬರೆದಿಡುವುದು ಒಳ್ಳೆಯದು. ಮಕ್ಕಳ ಹಳೆಯ ನೋಟ್‌ಬುಕ್ಕಿನ ಕೊನೆಯ ಹಾಳೆ ಸಾಕು. ಕಚೇರಿ ಮತ್ತು ಪ್ರಯಾಣಕ್ಕೆ ಒಂದು ಕಲಂ, ಮನೆಗೆಲಸಕ್ಕೆ ಒಂದು, ನಿದ್ದೆಗೆ ಒಂದು, ಮಕ್ಕಳ ಜೊತೆ ಬರಿಗೈಯಲ್ಲಿ ಕೂತ ಹೊತ್ತಿಗೆ ಒಂದು. ಬರಿಗೈ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ತರಕಾರಿ ಹೆಚ್ಚುತ್ತ ಮಗ್ಗಿ ಒಪ್ಪಿಸಿಕೊಂಡದ್ದು ಮನೆಗೆಲಸದ ಕಲಮಿಗೇ ಹೋಗಬೇಕು.

ಮಗಳು ಚಿಕ್ಕವಳಿದ್ದಾಗ, ಊರಿನಿಂದಲೇ ಓಡಾಡುತ್ತಿದ್ದ ಕಾಲದಲ್ಲಿ, ಒಂದು ಜುಲೈ ವಾರ ನಾನು ಬರೆದಿಟ್ಟ ಲೆಕ್ಕ ಹೀಗಿತ್ತು: ಕಚೇರಿ 48 ಗಂಟೆ, ಪ್ರಯಾಣ 21, ಮನೆಗೆಲಸ 37, ನಿದ್ದೆ 40. ವಾರದ 168 ಗಂಟೆಗಳಲ್ಲಿ ಇವೇ 146 ಆದವು. ಉಳಿದ 22 ಗಂಟೆಗಳಲ್ಲಿ ಸ್ನಾನ, ಊಟ, ದೇವರ ದೀಪ, ಔಷಧಿ ಅಂಗಡಿ, ಫೋನು ಎಲ್ಲವನ್ನೂ ಕಳೆದರೆ ಮಗಳ ಜೊತೆ ಬರಿಗೈಯಲ್ಲಿ ಕೂತದ್ದು ಏಳು ದಿನಕ್ಕೂ ಸೇರಿ ಎರಡೂವರೆ ಗಂಟೆ, ಅದರಲ್ಲಿ ಹೆಚ್ಚಿನದು ಭಾನುವಾರದ್ದು. ಅಲ್ಲಿಯವರೆಗೆ ನಾನು ಎಲ್ಲವನ್ನೂ ತೂಗಿಸಿಕೊಂಡು ಹೋಗುತ್ತಿದ್ದೇನೆ ಎಂದುಕೊಂಡಿದ್ದೆ. ಆ ಅಂಕಿಯನ್ನು ಕಣ್ಣಾರೆ ಕಂಡ ಮೇಲೆ ಹಾಗೆ ಅಂದುಕೊಳ್ಳಲು ಆಗಲಿಲ್ಲ.

ಇದು ನನ್ನೊಬ್ಬಳ ಮನೆಯ ಸ್ಥಿತಿಯಲ್ಲ. ರಾಷ್ಟ್ರೀಯ ಸಾಂಖ್ಯಿಕ ಕಚೇರಿಯು 2024ರಲ್ಲಿ ನಡೆಸಿದ ಕಾಲ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. 2019ರ ಸಮೀಕ್ಷೆಯಲ್ಲಿ ಈ ಅಂಕಿಗಳು 299 ಮತ್ತು 97 ಇದ್ದವು. ಐದು ವರ್ಷಗಳಲ್ಲಿ ಹೆಂಗಸರ ಕೆಲಸ 10 ನಿಮಿಷ ಇಳಿಯಿತು, ಗಂಡಸರದು 9 ನಿಮಿಷ ಇಳಿಯಿತು. ಮಿಕ್ಸಿ, ಕುಕ್ಕರ್, ಬಟ್ಟೆ ಒಗೆಯುವ ಯಂತ್ರಗಳು ಇಬ್ಬರ ಕೆಲಸವನ್ನೂ ಸ್ವಲ್ಪ ಹಗುರ ಮಾಡಿರಬಹುದು, ಆದರೆ ನಡುವಿನ ಮೂರು ಗಂಟೆ ಇಪ್ಪತ್ತು ನಿಮಿಷದ ಅಂತರ ಇದ್ದಲ್ಲೇ ಇದೆ. ಆದ್ದರಿಂದ ಮುಂದೆ ಹೇಳುವ ಯಾವ ವ್ಯವಸ್ಥೆಯನ್ನು ಆರಿಸಿಕೊಂಡರೂ, ಮನೆಗೆಲಸದಲ್ಲಿ ಯಾವುದು ಯಾರದು ಎಂಬ ಮಾತನ್ನು ಗಂಡನ ಜೊತೆ ಬಾಯಿಬಿಟ್ಟು ಆಡದಿದ್ದರೆ, ಉಳಿಯುವ ಗಂಟೆಗಳೆಲ್ಲ ಮತ್ತೆ ಅಡುಗೆಮನೆಗೇ ಸೇರುತ್ತವೆ.

ಊರಿನಿಂದ ಓಡಾಟವೋ, ಪೇಟೆಯಲ್ಲಿ ಮನೆಯೋ

ನಮ್ಮ ಜಿಲ್ಲೆಯ ಹೆಚ್ಚಿನ ತಾಯಂದಿರಿಗೆ ಎದುರಾಗುವ ಆಯ್ಕೆ ಇದೇ ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಊರಿನಿಂದ ಓಡಾಡುವುದರಲ್ಲಿ ಇರುವ ಬಲ ದೊಡ್ಡದು. ಮನೆ ಬಾಡಿಗೆ ಇಲ್ಲ. ಹಾಲು, ಕಾಯಿ, ಬಾಳೆ, ಸೊಪ್ಪು ಮನೆಯದೇ. ಮಗು ಶಾಲೆಯಿಂದ ಬಂದಾಗ ಅಜ್ಜಿ ಜಗುಲಿಯಲ್ಲಿ ಕೂತಿರುತ್ತಾರೆ. ಗಂಡ ತೋಟದಿಂದ ಮಧ್ಯಾಹ್ನ ಊಟಕ್ಕೆ ಬಂದಾಗ ಮಗುವಿನ ಮುಖ ನೋಡುತ್ತಾರೆ. ಪ್ರಯಾಣದ ಖರ್ಚೂ ಮೊದಲಿನಷ್ಟಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಹಣವಿಲ್ಲ. ಆದರೆ ಮಲೆನಾಡಿನ ಅನೇಕ ಮಾರ್ಗಗಳಲ್ಲಿ ಓಡುವ ಖಾಸಗಿ ಬಸ್ಸುಗಳಿಗೆ ಈ ಯೋಜನೆ ಅನ್ವಯಿಸುವುದಿಲ್ಲ. ನಿಮ್ಮ ಊರಿಗೆ ಕಚೇರಿಯ ಹೊತ್ತಿಗೆ ಹೊಂದುವ ಬಸ್ಸು ಯಾವುದು ಎಂಬುದನ್ನು ನೋಡದೆ ಪ್ರಯಾಣ ಪುಕ್ಕಟೆ ಎಂದು ಲೆಕ್ಕ ಹಾಕಿದರೆ ತಪ್ಪಾಗುತ್ತದೆ.

ಹೊತ್ತಿನ ಲೆಕ್ಕವನ್ನು ಬಸ್ಸು ಹತ್ತಿದಲ್ಲಿಂದಲ್ಲ, ಮನೆಯ ಮೆಟ್ಟಿಲು ಇಳಿದಲ್ಲಿಂದ ಹಿಡಿಯಬೇಕು. ನನ್ನ ಬಸ್ಸಿನ ಪ್ರಯಾಣ ಒಂದೂಕಾಲು ಗಂಟೆಯದು. ಮನೆಯಿಂದ ರಸ್ತೆಗೆ ನಡೆಯುವುದು, ಕಾಯುವುದು, ಶಿವಮೊಗ್ಗದಲ್ಲಿ ಇಳಿದು ಕಚೇರಿ ಮುಟ್ಟುವುದು ಸೇರಿ ಒಂದೂ ಮುಕ್ಕಾಲು ಗಂಟೆ ಆಗುತ್ತಿತ್ತು. ಹೋಗಿ ಬರಲು ದಿನಕ್ಕೆ ಮೂರೂವರೆ ಗಂಟೆ, ತಿಂಗಳಿಗೆ 24 ಕೆಲಸದ ದಿನವೆಂದರೆ 84 ಗಂಟೆ. ಎಂಟು ಗಂಟೆಯ ದಿನದ ಲೆಕ್ಕದಲ್ಲಿ ಇದು ಹತ್ತು ದಿನದ ದುಡಿಮೆಗೂ ಹೆಚ್ಚು. ಬಸ್ಸಿನಲ್ಲಿ ನಿದ್ದೆ ಮಾಡಬಹುದಲ್ಲ ಎಂದು ಕೆಲವರು ಹೇಳುತ್ತಾರೆ. ಸೀಟು ಸಿಕ್ಕ ದಿನ ನಾನೂ ಮಾಡಿದ್ದೇನೆ, ಆದರೆ ತಿರುವುಗಳ ರಸ್ತೆಯಲ್ಲಿ ಚೀಲ ಅಪ್ಪಿಕೊಂಡು ತೂಕಡಿಸಿದ್ದನ್ನು ನಿದ್ದೆಯ ಕಲಮಿನಲ್ಲಿ ಬರೆಯಲು ನನಗೆ ಮನಸ್ಸಾಗಲಿಲ್ಲ.

ಮಳೆಗಾಲದಲ್ಲಿ ಈ ವ್ಯವಸ್ಥೆಯ ಸಂದುಗಳೆಲ್ಲ ಬಿಟ್ಟುಕೊಳ್ಳುತ್ತವೆ. ಒಂದು ಬೆಳಗ್ಗೆ ಮಗಳ ಸಮವಸ್ತ್ರದ ಲಂಗ ಇನ್ನೂ ಹಸಿಯಾಗಿತ್ತು. ಬಚ್ಚಲೊಲೆಯ ಕೆಂಡವನ್ನು ಮುಂದಕ್ಕೆಳೆದು, ಅದರ ಮೇಲೆ ಬಿದಿರಿನ ಬುಟ್ಟಿ ಕವುಚಿ, ಲಂಗ ಹರಡಿ, ಒಂದು ಕೈಯಲ್ಲಿ ಅದನ್ನು ಮಗುಚುತ್ತ ಇನ್ನೊಂದು ಕೈಯಲ್ಲಿ ಅವಳಿಗೆ ರೊಟ್ಟಿ ತಿನ್ನಿಸಿದೆ. ಲಂಗಕ್ಕೆ ಹೊಗೆಯ ವಾಸನೆ ಹತ್ತಿತು ಎಂದು ಅವಳು ಅತ್ತಳು. ಅವಳನ್ನು ಸಮಾಧಾನ ಮಾಡಿ, ರಸ್ತೆಗೆ ಓಡಿ, ಬಸ್ಸು ಹತ್ತಿ ಗಾಜನೂರು ದಾಟುವ ಹೊತ್ತಿಗೆ ಶಾಲೆಗೆ ರಜೆ ಎಂಬ ಸಂದೇಶ ಬಂತು. ಮನೆಯಲ್ಲಿ ಅತ್ತೆಯವರಿದ್ದರು, ಮಗುವಿಗೆ ತೊಂದರೆಯಾಗಲಿಲ್ಲ. ಆದರೆ ಆ ದಿನ ಔಷಧಿ ಹೊಡೆಯಲು ಬಂದವರ ಊಟವೂ, ಕೊಟ್ಟಿಗೆಯೂ, ಮಗುವೂ ಸೇರಿ ಎಲ್ಲವೂ ಅವರೊಬ್ಬರ ಮೇಲೆ ಬಿತ್ತು. ಸಂಜೆ ಅವರು ಗೋಡೆಗೆ ಒರಗಿ ಕೂತು, "ನನ್ನ ಸೊಂಟವೂ ಹಿಡಿದುಕೊಂಡಿದೆ ಮಾರಾಯ್ತಿ, ನಿನ್ನ ಹತ್ತಿರ ಹೇಳಲಿಲ್ಲ ಅಷ್ಟೆ," ಎಂದರು. ನನ್ನ ನೋಟ್‌ಬುಕ್ಕಿನಲ್ಲಿ ಅವರ ಗಂಟೆಗಳಿಗೆ ಕಲಮೇ ಇರಲಿಲ್ಲ ಎಂಬುದು ನನಗೆ ಹೊಳೆದದ್ದು ಆಗ. ಊರಿನಿಂದ ಓಡಾಡುವ ವ್ಯವಸ್ಥೆಯನ್ನು ಆರಿಸಿಕೊಳ್ಳುವವರು ಮನೆಯ ಹಿರಿಯ ಹೆಂಗಸಿನ ವಾರವನ್ನೂ ಪಕ್ಕದಲ್ಲೇ ಬರೆಯಬೇಕು. ಅವರಿಗೆ ಮಧ್ಯಾಹ್ನ ಅರ್ಧ ಗಂಟೆ ಕಾಲು ಚಾಚಲು ಆಗದಿದ್ದರೆ ಆ ವ್ಯವಸ್ಥೆ ನಿಂತಿರುವುದು ನಿಮ್ಮ ದುಡಿಮೆಯ ಮೇಲಲ್ಲ, ಅವರ ದೇಹದ ಮೇಲೆ.

ಮಗನಿಗೆ ಒಂದು ವರ್ಷ ತುಂಬಿದ ಮೇಲೆ ನಾವು ಶಿವಮೊಗ್ಗದ ವಿನೋಬನಗರದಲ್ಲಿ ಎರಡು ಕೋಣೆಯ ಮನೆ ಹಿಡಿದು ಮೂರು ವರ್ಷ ಅಲ್ಲಿದ್ದೆವು. ಕಚೇರಿಗೆ ಹತ್ತು ನಿಮಿಷದ ದಾರಿ. ಪ್ರಯಾಣದಲ್ಲಿ ಉಳಿದ ಗಂಟೆಗಳು ಮೊದಲ ತಿಂಗಳಲ್ಲೇ ಕೈಗೆ ಸಿಕ್ಕವು: ನಿದ್ದೆ ವಾರಕ್ಕೆ 40ರಿಂದ 47 ಗಂಟೆಗೆ ಏರಿತು, ಸಂಜೆ ಆರಕ್ಕೆ ಮಕ್ಕಳ ಜೊತೆ ಇರುತ್ತಿದ್ದೆ, ಜ್ವರ ಬಂದರೆ ಮಕ್ಕಳ ವೈದ್ಯರು ನಾಲ್ಕು ಬೀದಿಯಾಚೆ ಇದ್ದರು. ಜುಲೈ ತಿಂಗಳ ಪರೀಕ್ಷೆಯಲ್ಲಿ ಪೇಟೆಯ ಮನೆ ನಿಸ್ಸಂದೇಹವಾಗಿ ಗೆದ್ದಿತು.

ಸೋತದ್ದು ಕೊನೆಕೊಯ್ಲಿನಲ್ಲಿ. ತೋಟ ಬಿಟ್ಟು ಬರಲಾಗದ ಗಂಡ ಊರಿನಲ್ಲಿ, ನಾವು ಮೂವರು ಪೇಟೆಯಲ್ಲಿ. ಎರಡು ಒಲೆ ಉರಿದರೆ ಖರ್ಚು ಎರಡಾಗುವುದಲ್ಲದೆ ಮಕ್ಕಳ ಪಾಲಿಗೆ ತಂದೆಯೂ ಭಾನುವಾರದ ನೆಂಟನಂತಾಗುತ್ತಾರೆ. ನವೆಂಬರ್, ಡಿಸೆಂಬರ್ ತಿಂಗಳ ಎಲ್ಲ ಭಾನುವಾರ ನಾವು ಊರಿಗೆ ಹೋಗಿ ಅಡಿಕೆಯ ಕೆಲಸಕ್ಕೆ ಕೈಹಚ್ಚಿ, ಸೋಮವಾರ ಬೆಳಗಿನ ಜಾವದ ಬಸ್ಸಿಗೆ ಮಕ್ಕಳನ್ನು ನಿದ್ದೆಗಣ್ಣಲ್ಲೇ ಹೊತ್ತು ತರುತ್ತಿದ್ದೆವು. ವಾರದ ಒಂದೇ ವಿಶ್ರಾಂತಿಯ ದಿನ ಹಾಗೆ ಹೋಯಿತು. ಜೊತೆಗೆ, ಮಳೆ ರಜೆ ಪೇಟೆಗೂ ಬರುತ್ತದೆ, ಅಲ್ಲಿ ಜಗುಲಿಯಲ್ಲಿ ಅಜ್ಜಿ ಕೂತಿರುವುದಿಲ್ಲ. ಅಕ್ಕಪಕ್ಕದ ಮನೆಯವರ ಜೊತೆ ಮೊದಲೇ ಮಾತಾಡಿಕೊಂಡು, ಅವರ ಮಗುವನ್ನು ನೀವು ಒಂದು ದಿನ, ನಿಮ್ಮ ಮಗುವನ್ನು ಅವರು ಒಂದು ದಿನ ನೋಡಿಕೊಳ್ಳುವ ಏರ್ಪಾಡು ಮಾಡಿಟ್ಟುಕೊಳ್ಳದಿದ್ದರೆ ನಿಮ್ಮ ಸಾಂದರ್ಭಿಕ ರಜೆಯೆಲ್ಲ ಜುಲೈ ಕೊನೆಗೆ ಮುಗಿದಿರುತ್ತದೆ.

ನನ್ನ ಅಭಿಪ್ರಾಯ ಇಷ್ಟು. ಮೆಟ್ಟಿಲಿನಿಂದ ಮೇಜಿನವರೆಗೆ ಮುಕ್ಕಾಲು ಗಂಟೆಯೊಳಗಿದ್ದು, ಮನೆಯ ಹಿರಿಯರು ಗಟ್ಟಿಯಾಗಿದ್ದರೆ ಊರು ಬಿಡಬೇಡಿ. ಭದ್ರಾವತಿಯಿಂದಲೋ ಗಾಜನೂರಿನಿಂದಲೋ ಶಿವಮೊಗ್ಗಕ್ಕೆ ಬರುವವರಿಗೆ ಪೇಟೆಯ ಬಾಡಿಗೆಯಿಂದ ಸಿಗುವ ಲಾಭ ಕಡಿಮೆ. ಒಂದೂವರೆ ಗಂಟೆಗಿಂತ ಹೆಚ್ಚಾಗುವುದಾದರೆ, ಸಾಗರದಂಥ ದೂರದಿಂದ ದಿನವೂ ಬರುವುದಾದರೆ, ಕಿರಿಯ ಮಗುವಿಗೆ ಐದು ವರ್ಷ ತುಂಬುವವರೆಗಾದರೂ ಬೇರೆ ವ್ಯವಸ್ಥೆ ಬೇಕು. ಇವೆರಡರ ನಡುವೆ ಇರುವವರು ಗಂಡನ ಕೆಲಸ ಎಲ್ಲಿದೆ ಎಂಬುದನ್ನು ನೋಡಿ ತೀರ್ಮಾನಿಸಬೇಕು. ಇಬ್ಬರ ಕೆಲಸವೂ ಪೇಟೆಯಲ್ಲಿದ್ದರೆ ಪೇಟೆ. ಒಬ್ಬರದು ತೋಟದಲ್ಲಿದ್ದರೆ, ಪೇಟೆಯ ಮನೆಗೆ ಒಂದು ಅವಧಿಯನ್ನು ಮೊದಲೇ ಗೊತ್ತುಮಾಡಿಕೊಂಡು ಹೋಗುವುದು ಒಳ್ಳೆಯದು. ನಾವು ಮೂರು ವರ್ಷ ಎಂದು ಹೇಳಿಕೊಂಡೇ ಹೋದದ್ದರಿಂದ ಆ ಮೂರು ವರ್ಷವನ್ನು ತಡೆದುಕೊಂಡೆವು.

ಕೆಲಸದ ಹೊತ್ತನ್ನು ಕಡಿಮೆ ಮಾಡಿಕೊಳ್ಳುವುದು

ನಮ್ಮ ಪೇಟೆಗಳ ಸಣ್ಣ ಕಚೇರಿಗಳಲ್ಲಿ ಇದಕ್ಕೆ ಒಪ್ಪುವವರು ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು ಇದ್ದಾರೆ, ಕೇಳುವವರು ಕಡಿಮೆ. ಕೇಳುವಾಗ ದಿನದ ಹೊತ್ತು ಕಡಿಮೆ ಮಾಡಿ ಎಂದು ಕೇಳುವುದಕ್ಕಿಂತ ದಿನಗಳನ್ನು ಕಡಿಮೆ ಮಾಡಿ ಎಂದು ಕೇಳುವುದು ಲೇಸು. ಆರು ದಿನ ಅರ್ಧ ಹೊತ್ತು ಹೋದರೆ ಸಂಬಳ ಅರ್ಧವಾದರೂ ಪ್ರಯಾಣ ಪೂರ್ತಿಯೇ ಇರುತ್ತದೆ, ಮತ್ತು ನಾಲ್ಕು ಗಂಟೆಯ ಕೆಲಸ ಐದೂವರೆಗೆ ಬೆಳೆಯುವುದು ಯಾರಿಗೂ ಕಾಣುವುದಿಲ್ಲ. ನಾಲ್ಕು ದಿನ ಪೂರ್ತಿ ಹೋದರೆ ಎರಡು ದಿನದ ಪ್ರಯಾಣವೇ ಉಳಿಯುತ್ತದೆ. ಒಪ್ಪಂದವನ್ನು ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಯಾವ ಕೆಲಸ ಕೈಬಿಟ್ಟಿತು ಎಂಬುದೂ ಅದರಲ್ಲಿರಲಿ. ನನಗೆ ಗೊತ್ತಿರುವ ಒಬ್ಬರಿಗೆ ಸಂಬಳ ಅರ್ಧವಾಯಿತು, ಕಡತ ಒಂದೂ ಕಡಿಮೆಯಾಗಲಿಲ್ಲ.

ಮನೆಪಾಠ ಹೇಳುವುದು ಹೆಂಗಸರಿಗೆ ಅನುಕೂಲದ ಕೆಲಸವೆಂದು ಎಲ್ಲರೂ ಸಲಹೆ ಕೊಡುತ್ತಾರೆ. ಸ್ವಂತ ಮಕ್ಕಳು ದೊಡ್ಡವರಾಗಿದ್ದರೆ ಸರಿ. ಚಿಕ್ಕವರಿದ್ದರೆ, ಅದು ನಡೆಯುವ ಸಂಜೆ ಐದರಿಂದ ಏಳೂವರೆಯ ಹೊತ್ತು ನಿಮ್ಮ ಮಕ್ಕಳು ಶಾಲೆಯ ಸುದ್ದಿಯನ್ನೆಲ್ಲ ಹೊತ್ತು ತಂದು ನಿಮ್ಮ ಮುಂದೆ ಸುರಿಯುವ ಹೊತ್ತೂ ಹೌದು ಎಂಬುದನ್ನು ನೆನಪಿಡಬೇಕು.

ಮನೆಯಲ್ಲಿದ್ದುಕೊಂಡು ಮಾಡುವ ಕೆಲಸ

ಮನೆಯಿಂದ ಕೆಲಸ ಎಂಬ ಒಂದೇ ಹೆಸರಿನಲ್ಲಿ ಬೇರೆಬೇರೆ ಕೆಲಸಗಳಿವೆ, ಅವುಗಳ ಕಷ್ಟದ ತಿಂಗಳುಗಳೂ ಬೇರೆ. ಕಂಪ್ಯೂಟರಿನ ಕೆಲಸಕ್ಕೆ ಕರೆಂಟು ಮತ್ತು ಇಂಟರ್ನೆಟ್ ಬೇಕು. ಮರ ಬಿದ್ದು ತಂತಿ ಹರಿದರೆ ಒಳಹಳ್ಳಿಗಳಲ್ಲಿ ಎರಡು ಮೂರು ದಿನ ಎರಡೂ ಇರುವುದಿಲ್ಲ. ಅಂದರೆ ನಿಮ್ಮ ಕಷ್ಟದ ವಾರದಲ್ಲೇ ಅದು ಕೈಕೊಡುತ್ತದೆ. ಇನ್ವರ್ಟರ್ ಇಟ್ಟುಕೊಳ್ಳುವುದಷ್ಟೇ ಅಲ್ಲದೆ, ಹತ್ತಿರದ ಪೇಟೆಯಲ್ಲಿ ಅಂಥ ದಿನ ಹೋಗಿ ಕೂರಲು ಒಂದು ಜಾಗವನ್ನು ಮೊದಲೇ ನೋಡಿಟ್ಟುಕೊಂಡವರು ಮಾತ್ರ ಇದನ್ನು ನಂಬಬಹುದು. ಹೊಲಿಗೆಯ ಕೆಲಸ ಜೂನ್ ತಿಂಗಳ ಸಮವಸ್ತ್ರಕ್ಕೂ, ಹಬ್ಬ ಮತ್ತು ಮದುವೆಯ ರವಿಕೆಗಳಿಗೂ ಮುಗಿಬೀಳುತ್ತದೆ, ಉಳಿದ ಹೊತ್ತು ನಿಧಾನ.

ನಾನು ಕಂಡವುಗಳಲ್ಲಿ ಮಲೆನಾಡಿನ ವರ್ಷಕ್ಕೆ ಚೆನ್ನಾಗಿ ಹೊಂದುವುದು ಉಪ್ಪಿನಕಾಯಿ, ಹಪ್ಪಳದ ಕೆಲಸ. ಅಪ್ಪೆಮಿಡಿ ಸಿಗುವುದು ಬೇಸಿಗೆಯ ಮೊದಲ ಭಾಗದಲ್ಲಿ, ಹಲಸಿನ ಹಪ್ಪಳ ಒಣಗುವುದು ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ. ಮಳೆ ಹಿಡಿಯುವ ಹೊತ್ತಿಗೆ ಮಾಡುವ ಕೆಲಸ ಮುಗಿದು ಮಾರುವ ಕೆಲಸ ಉಳಿದಿರುತ್ತದೆ. ನನ್ನ ತಂಗಿಯ ಸಾಗರದ ಮನೆಯಲ್ಲಿ ಜುಲೈ ತಿಂಗಳೆಂದರೆ ವಿಶ್ರಾಂತಿಯ ತಿಂಗಳು. ಆದರೆ ಅವಳ ಮಕ್ಕಳಿಗೆ ಬೇಸಿಗೆ ರಜೆ ಇರುವಾಗಲೇ ಅವಳಿಗೆ ಉಸಿರಾಡಲು ಪುರುಸೊತ್ತಿರುವುದಿಲ್ಲ. ಮಾರಾಟಕ್ಕೆ ಮಾಡುವವರು ಆಹಾರ ಸುರಕ್ಷತೆಯ ನೋಂದಣಿ ಮಾಡಿಸಲೇಬೇಕು ಎಂಬುದನ್ನೂ ಇಲ್ಲಿ ಹೇಳಿಬಿಡುತ್ತೇನೆ.

ಮನೆಯ ಕೆಲಸ ಯಾವುದೇ ಆದರೂ ಅದರ ದೊಡ್ಡ ಕೊರತೆ ಒಂದೇ: ಅದು ಕೆಲಸವೆಂದು ಮನೆಯವರ ಕಣ್ಣಿಗೆ ಬೀಳುವುದಿಲ್ಲ. "ಹೇಗೂ ಮನೆಯಲ್ಲೇ ಇದ್ದೀಯಲ್ಲ" ಎಂಬ ಒಂದು ಮಾತಿನ ಮೇಲೆ ನೆಂಟರ ಊಟ, ಬ್ಯಾಂಕಿನ ಓಡಾಟ, ಹಿರಿಯರ ಆಸ್ಪತ್ರೆ ಎಲ್ಲವೂ ನಿಮ್ಮ ಪಾಲಿಗೆ ಬರುತ್ತವೆ, ಬಿಟ್ಟುಹೋದ ಕೆಲಸ ರಾತ್ರಿ ಹತ್ತರ ಮೇಲೆ ನಡೆಯುತ್ತದೆ. ಕೆಲಸಕ್ಕೆ ಒಂದು ಕೋಣೆ, ಆಗದಿದ್ದರೆ ಒಂದು ಮೂಲೆ, ಮತ್ತು ಮನೆಮಂದಿಗೆಲ್ಲ ಗೊತ್ತಿರುವ ಒಂದು ಹೊತ್ತು ಇಲ್ಲದಿದ್ದರೆ, ಹೊರಗೆ ಹೋಗಿ ದುಡಿಯುವುದರಲ್ಲೇ ಹೆಚ್ಚು ವಿಶ್ರಾಂತಿಯಿದೆ.

ಕೆಲಸ ಬಿಡುವ ಮುನ್ನ

ಕೆಲಸ ಬಿಡುವುದು ತಪ್ಪಲ್ಲ. ಸಿಗುವ ಸೌಲಭ್ಯ ಗೊತ್ತಿಲ್ಲದೆ ಬಿಟ್ಟರೆ ಮಾತ್ರ ಸಂಕಟವಾಗುತ್ತದೆ. ಮಗಳು ಹುಟ್ಟಿದಾಗ ನನಗೆ ಸಿಕ್ಕ ಹೆರಿಗೆ ರಜೆ 12 ವಾರ. ಮಗ ಹುಟ್ಟುವ ಹೊತ್ತಿಗೆ 2017ರ ತಿದ್ದುಪಡಿ ಬಂದು ಮೊದಲ ಎರಡು ಮಕ್ಕಳಿಗೆ ಅದು 26 ವಾರವಾಗಿತ್ತು. ಅದರಲ್ಲಿ ಹೆರಿಗೆಗೆ ಮುನ್ನ ತೆಗೆದುಕೊಳ್ಳಬಹುದಾದದ್ದು ಹೆಚ್ಚೆಂದರೆ 8 ವಾರ. ಕೆಲಸಕ್ಕೆ ಮರಳಿದ ಮೇಲೆ ಮಗುವಿಗೆ 15 ತಿಂಗಳು ತುಂಬುವವರೆಗೆ ದಿನಕ್ಕೆ ಎರಡು ಸಲ ಹಾಲೂಡಿಸಲು ಬಿಡುವು ಕೊಡಬೇಕೆಂಬ ನಿಯಮ ಬಹಳ ಜನರಿಗೆ ಗೊತ್ತೇ ಇಲ್ಲ. 50 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವಲ್ಲಿ ಶಿಶುಪಾಲನಾ ಕೇಂದ್ರವಿರಬೇಕು, ತಾಯಿಗೆ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿ ಬರಲು ಬಿಡಬೇಕು. ರಾಜ್ಯ ಸರ್ಕಾರಿ ನೌಕರಿಯಲ್ಲಿರುವವರಿಗೆ ಹೆರಿಗೆ ರಜೆಯಲ್ಲದೆ ಮಕ್ಕಳ ಆರೈಕೆ ರಜೆ 180 ದಿನಗಳವರೆಗೆ ಸಿಗುತ್ತದೆ. ಅದನ್ನು ಒಂದೇ ಸಲ ಖಾಲಿ ಮಾಡದೆ ಪರೀಕ್ಷೆ, ಕಾಯಿಲೆ, ಮಳೆಗಾಲಗಳಿಗೆ ಹಂಚಿಟ್ಟುಕೊಂಡವರು ಜಾಣರು.

ಇಷ್ಟನ್ನೂ ನೋಡಿದ ಮೇಲೂ ಬಿಡುವುದೇ ಸರಿಯೆನಿಸಿದರೆ, ಬಿಡುವ ದಿನಾಂಕವನ್ನು ನೋಡಿ ಬಿಡಿ. ಒಂದೇ ಸಂಸ್ಥೆಯಲ್ಲಿ ಸತತ 5 ವರ್ಷ ತುಂಬಿದ ಕಾಯಂ ನೌಕರರಿಗೆ ಸೇವೆಯ ಪ್ರತಿ ವರ್ಷಕ್ಕೆ 15 ದಿನದ ವೇತನದ ಲೆಕ್ಕದಲ್ಲಿ ಗ್ರಾಚ್ಯುಯಿಟಿ, ಅಂದರೆ ಕೆಲಸ ಬಿಡುವಾಗ ಕೊಡುವ ಇಡಿಗಂಟು, ಬರುತ್ತದೆ. ಕೆಲವೇ ತಿಂಗಳು ಬಾಕಿಯಿರುವಾಗ ರಾಜೀನಾಮೆ ಬರೆದುಕೊಟ್ಟ ಇಬ್ಬರ ಲೆಕ್ಕವನ್ನು ನಾನೇ ಮುಗಿಸಿಕೊಟ್ಟಿದ್ದೇನೆ, ಎರಡು ಸಲವೂ ಹೊಟ್ಟೆ ಉರಿಯಿತು. ಭವಿಷ್ಯನಿಧಿಯ ಹಣವನ್ನು ಕೂಡಲೇ ತೆಗೆಯುವ ಅವಸರವೂ ಬೇಡ.

ಮಗುವನ್ನು ಯಾರ ಕೈಗೆ ಕೊಡುವುದು

ಅಜ್ಜಿಯ ವಿಷಯವನ್ನು ಹೇಳಿದ್ದೇನೆ. ಹಳ್ಳಿಯಲ್ಲಿ ಮೂರು ವರ್ಷ ತುಂಬಿದ ಮಗುವಿಗೆ ಅಂಗನವಾಡಿ ಇದೆ, ಹಲವು ಗ್ರಾಮ ಪಂಚಾಯಿತಿಗಳಲ್ಲಿ ಉದ್ಯೋಗ ಖಾತ್ರಿಯ ಕೆಲಸಕ್ಕೆ ಹೋಗುವ ತಾಯಂದಿರ ಪುಟ್ಟ ಮಕ್ಕಳಿಗಾಗಿ ತೆರೆದ ಕೂಸಿನ ಮನೆಗಳೂ ಇವೆ. ಆದರೆ ಇವು ಯಾವುವೂ ಶಿವಮೊಗ್ಗದಿಂದ ಸಂಜೆ ಏಳಕ್ಕೆ ಮರಳುವ ತಾಯಿಗಾಗಿ ಆದವಲ್ಲ. ಪೇಟೆಯ ಶಿಶುವಿಹಾರವನ್ನು ನೋಡಲು ಹೋಗುವವರು ಬೆಳಗ್ಗೆ ಹತ್ತಕ್ಕೆ ಹೋಗಬೇಡಿ. ಸಂಜೆ ಐದೂವರೆಗೆ, ಮಕ್ಕಳೆಲ್ಲ ದಣಿದಿರುವಾಗ, ಹೇಳದೆ ಹೋಗಿ. ಆ ಹೊತ್ತಿನಲ್ಲಿ ಅಲ್ಲಿನವರು ಮಕ್ಕಳ ಜೊತೆ ಮಾತಾಡುವ ದನಿ ಕೇಳಿದರೆ ಸಾಕು. ಎದೆಹಾಲು ಹಿಂಡಿಟ್ಟು ಹೋಗುವ ತಾಯಂದಿರು ಅದನ್ನು ಫ್ರಿಜ್ಜಿನಲ್ಲಿ 4 ದಿನದವರೆಗೆ ಇಡಬಹುದು, ಹೊರಗೆ ಸುಮಾರು 25 ಡಿಗ್ರಿಯಲ್ಲಿ 4 ಗಂಟೆ ಮಾತ್ರ. ಕರೆಂಟು ಹೋಗುವ ಊರಿನಲ್ಲಿ ಎರಡನೆಯ ಲೆಕ್ಕವನ್ನೇ ನಂಬಬೇಕು.

ವಿಶ್ರಾಂತಿಗಳಲ್ಲಿ ಯಾವುದು

ಹಗಲು ಅರ್ಧ ಗಂಟೆ ಒರಗುವುದು, ವಾರಕ್ಕೆ ಅರ್ಧ ದಿನ ತನಗೆಂದೇ ಇಟ್ಟುಕೊಳ್ಳುವುದು, ರಾತ್ರಿ ಬೇಗ ಮಲಗುವುದು: ಈ ಮೂರರಲ್ಲಿ ಒಂದೇ ಸಿಗುವುದಾದರೆ ರಾತ್ರಿಯದನ್ನು ಹಿಡಿದುಕೊಳ್ಳಿ ಎನ್ನುತ್ತೇನೆ. ದೊಡ್ಡವರಿಗೆ ದಿನಕ್ಕೆ ಕನಿಷ್ಠ 7 ಗಂಟೆ ನಿದ್ದೆ ಬೇಕೆಂದು ನಿದ್ರಾ ವೈದ್ಯರು ಹೇಳುವುದು ಸುಮ್ಮನೆ ಅಲ್ಲ. ನಿದ್ದೆ ಕೆಟ್ಟ ಮರುದಿನ ಮಕ್ಕಳ ಮೇಲೆ ಕೂಗಾಡುವುದು ನಾವೇ, ಲೆಕ್ಕದಲ್ಲಿ ಸೊನ್ನೆ ತಪ್ಪಿಸುವುದೂ ನಾವೇ. ಐದಕ್ಕೆ ಎದ್ದು ಹಂಡೆಗೆ ಬೆಂಕಿ ಹಾಕಬೇಕಾದವಳು ಹನ್ನೊಂದಕ್ಕೆ ಮಲಗಿದರೆ 6 ಗಂಟೆಯೇ. ಬೆಳಗಿನ ಹೊತ್ತು ನಮ್ಮ ಕೈಯಲ್ಲಿಲ್ಲದ ಕಾರಣ ರಾತ್ರಿಯೇ ಬೇಗ ಮಲಗಬೇಕು.

ರಾತ್ರಿಯ ಆ ಹೊತ್ತು ಯಾವ ಕೆಲಸದಿಂದ ಉಳಿಯುತ್ತದೆ ಎಂಬುದನ್ನೂ ಹೋಲಿಸಿ ನೋಡಿದ್ದೇನೆ. ಅಡುಗೆಯಲ್ಲಿ ಉಳಿಸಬಹುದಾದದ್ದು ಕಡಿಮೆ. ಕಡುಬನ್ನು ಭಾನುವಾರಕ್ಕೆ ದೂಡಿ, ವಾರದ ದಿನ ಒಂದು ಗಂಜಿ, ಒಂದು ತಂಬುಳಿ ಸಾಕೆಂದರೆ ದಿನಕ್ಕೆ ಇಪ್ಪತ್ತು ನಿಮಿಷ ಉಳಿದೀತು. ಮಳೆಗಾಲದಲ್ಲಿ ಹೊತ್ತು ತಿನ್ನುವುದು ಬಟ್ಟೆ, ಅದರಲ್ಲೂ ಒಗೆಯುವುದಲ್ಲ, ಒಣಗಿಸುವುದು. ಒಗೆಯುವ ಯಂತ್ರ ತಂದ ಮೇಲೂ ನಮ್ಮ ಮನೆಯಲ್ಲಿ ರಾತ್ರಿ ಬುಟ್ಟಿ ಕವುಚುವುದು ತಪ್ಪಿರಲಿಲ್ಲ. ಅದು ತಪ್ಪಿದ್ದು, ಇಬ್ಬರು ಮಕ್ಕಳಿಗೂ ಮೂರನೆಯ ಜೊತೆ ಸಮವಸ್ತ್ರ ಹೊಲಿಸಿ, ನಾಲ್ಕು ಜೊತೆ ಕಾಲುಚೀಲ ತಂದಿಟ್ಟ ವರ್ಷ. ನಾನು ಮಾಡಿದ ಖರ್ಚುಗಳಲ್ಲಿ ಇಷ್ಟು ನಿದ್ದೆ ಕೊಟ್ಟದ್ದು ಬೇರೊಂದಿಲ್ಲ.

ಈಗ ನಾವು ಮತ್ತೆ ಊರಿನಲ್ಲಿದ್ದೇವೆ. ಸೋಮವಾರ, ಮಂಗಳವಾರ, ಗುರುವಾರ, ಶುಕ್ರವಾರ ಕಚೇರಿಗೆ ಹೋಗುತ್ತೇನೆ, ಬುಧವಾರ ಮನೆಯಿಂದ ಲೆಕ್ಕ ಬರೆಯುತ್ತೇನೆ, ಶನಿವಾರ ಕೆಲಸವಿಲ್ಲ. ಸಂಬಳದಲ್ಲಿ ಆರನೆಯ ಒಂದು ಪಾಲು ಬಿಟ್ಟುಕೊಟ್ಟಿದ್ದೇನೆ. ಸಂಜೆಯ ಹಾಲು ಕರೆಯುವುದು ಮತ್ತು ಮಕ್ಕಳ ರಾತ್ರಿ ಊಟ ಗಂಡನ ಪಾಲಿಗೆ ಬಂದಿವೆ, ಅತ್ತೆಯವರು ಮಧ್ಯಾಹ್ನ ಒಂದು ಗಂಟೆ ಬಾಗಿಲು ಹಾಕಿಕೊಂಡು ಮಲಗುತ್ತಾರೆ. ಗಳಿಕೆ ರಜೆಯನ್ನು ಮೇ ತಿಂಗಳ ಮದುವೆಗಳಿಗೆ ಖರ್ಚು ಮಾಡುವುದನ್ನು ಬಿಟ್ಟು, ಜುಲೈ ತಿಂಗಳ ಮೂರನೆಯ ವಾರಕ್ಕೆ ಜನವರಿಯಲ್ಲೇ ಅರ್ಜಿ ಬರೆದುಕೊಡುತ್ತೇನೆ. ಕಳೆದ ಜುಲೈಯ ಆ ವಾರದ ಲೆಕ್ಕದಲ್ಲಿ ನಿದ್ದೆ 51 ಗಂಟೆ, ಬರಿಗೈಯಲ್ಲಿ ಕೂತದ್ದು 14. ಮಗಳು ಮುಂದಿನ ವರ್ಷದ ನಂತರ ಪ್ರೌಢಶಾಲೆಗೆ ತೀರ್ಥಹಳ್ಳಿಗೆ ಹೋಗಬೇಕಾಗುತ್ತದೆ, ಆಗ ಈ ಹಾಳೆಯನ್ನು ಮುಂದಿಟ್ಟುಕೊಂಡು ಮತ್ತೆ ಹೊಸದಾಗಿ ಹೋಲಿಸಬೇಕು.